ಗಂಟಿನ ಕೆಳಗಿನ ನೀರು

“ಗುರುಗಳೇ, ಬಂದರಿನಲ್ಲಿ ಕೆಲಸ ಸಿಕ್ಕಿದೆ. ಸಂಸಾರ ಸಮೇತ ಹೋಗಬೇಕು. ಮನೆಯನ್ನು ಯಾವ ಕೇರಿಯಲ್ಲಿ ಹಿಡಿಯಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಮೂವತ್ತು ವರ್ಷ ಕರಾವಳಿಯಲ್ಲಿ ಅಕ್ಕಿ ವ್ಯಾಪಾರ ಮಾಡಿ, ಅಂಗಡಿಯನ್ನು ಅಳಿಯನ ಕೈಗೆ ಕೊಟ್ಟು, ಘಟ್ಟದ ಮೇಲಿನ ತಮ್ಮ ಊರಿಗೆ ಮರಳಿದವರು. ವ್ಯಾಪಾರ ಕಲಿಯುವವರು ಅವರ ಜಗಲಿಗೆ ಬಂದು ಕೂರುತ್ತಿದ್ದರು.

“ಏನೇನು ವಿಚಾರಿಸಿದ್ದೀಯ?” ಎಂದರು ಗುರುಗಳು.

“ಎಲ್ಲವನ್ನೂ ವಿಚಾರಿಸಿದ್ದೇನೆ. ಮೀನಿನ ವಾಸನೆ ಬಡಿಯಬಾರದು. ಮಳೆಗಾಲದಲ್ಲಿ ಕಡಲು ಅಂಗಳಕ್ಕೆ ಬರಬಾರದು. ಬಾವಿ ನೀರು ಸಿಹಿ ಇರಬೇಕು. ನೆರೆಯವರು ಉಪಕಾರಿಗಳಾಗಿರಬೇಕು. ನನಗೆ ಬೇಕಾದದ್ದು ಇಷ್ಟು.”

ಗುರುಗಳ ಮುಖ ಬಿಗಿಯಿತು.

“ಹೀಗೆಯೇ ಎಲ್ಲವನ್ನೂ ವಿಚಾರಿಸಿ ಮನೆ ಹಿಡಿದ ಒಬ್ಬ ವರ್ತಕನನ್ನು ನಾನು ಬಲ್ಲೆ. ಅವನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಕೇಳು” ಎಂದು ಹೇಳತೊಡಗಿದರು.

ಘಟ್ಟದ ಮೇಲಿನ ಒಬ್ಬ ಹತ್ತಿ ವರ್ತಕ, ಹಡಗಿಗೆ ಮಾಲು ಏರಿಸುವುದನ್ನು ನೋಡಿಕೊಳ್ಳಲು ಬಂದರಿಗೆ ಬಂದ. ಛತ್ರದಲ್ಲಿ ಇಳಿದು ಕೇರಿಗಳನ್ನು ನೋಡಲು ಹೊರಟ. ದಡ್ಡನಲ್ಲ. ಬೇಕೆಂದೇ ವೈಶಾಖದ ಬಿಸಿಲಿನಲ್ಲಿ ಹೊರಟ. ಕಡಲ ತೀರದ ಬಾವಿಗಳ ಬಣ್ಣ ಬಯಲಾಗುವುದು ಆ ತಿಂಗಳಲ್ಲಿ. ಒಂದೊಂದು ಕೇರಿಯಲ್ಲೂ ಒಂದು ಚೊಂಬು ನೀರು ಕೇಳಿ ಕುಡಿದ. ಪೇಟೆಯ ಕೇರಿಯಲ್ಲಿ ನೀರು ಉಪ್ಪು. ಗುಡ್ಡದ ಕೇರಿಯಲ್ಲಿ ಬಾವಿ ಒಣಗಿತ್ತು. ಹೊಳೆಗೂ ಕಡಲಿಗೂ ನಡುವಿನ ಮರಳಿನ ಮೇಲೆ ಮೀನುಗಾರರ ಕೇರಿ. ಮೂವತ್ತು ಮನೆ, ಒಂದೇ ಬಾವಿ. ಅಲ್ಲಿ ನೀರು ಎಳನೀರಿನ ಹಾಗಿತ್ತು. ವಾಸನೆಗೆ ಮೂಗು ಎಂಟು ದಿನದಲ್ಲಿ ಒಗ್ಗುತ್ತದೆ, ಉಪ್ಪಿಗೆ ನಾಲಿಗೆ ಒಗ್ಗುವುದಿಲ್ಲ ಎಂದುಕೊಂಡ. ಬಾವಿ ಇದ್ದ ಹಿತ್ತಿಲಿನ ಮನೆಯೇ ಮಾರಾಟಕ್ಕಿತ್ತು. ಕೊಂಡುಕೊಂಡ.

ಅಲ್ಲಿಯವರೆಗೆ ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವನು ಬಿಟ್ಟದ್ದು ಒಂದೇ ಪ್ರಶ್ನೆ. ಮಾಲು ಚೆನ್ನಾಗಿದೆಯೇ ಎಂದು ನೋಡಿದ. ಸುತ್ತಲಿನದೆಲ್ಲ ಕೆಟ್ಟಿರುವಾಗ ಇದೊಂದೇ ಯಾಕೆ ಚೆನ್ನಾಗಿದೆ ಎಂದು ಕೇಳಲಿಲ್ಲ.

ಆ ಬಾವಿಗೆ ಒಂದು ಕಟ್ಟಳೆ ಇತ್ತು. ಸೇದುವ ಹಗ್ಗದಲ್ಲಿ ಒಂದು ಗಂಟು. ಗಂಟು ಬಾವಿಕಟ್ಟೆಗೆ ಬಂದ ಮೇಲೆ ಹಗ್ಗವನ್ನು ಇನ್ನೊಂದು ಗೇಣೂ ಕೆಳಗೆ ಬಿಡುವಂತಿಲ್ಲ. ಅಷ್ಟರೊಳಗೆ ಕೊಡಕ್ಕೆ ನೀರು ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ನೀರು ಏರುವವರೆಗೆ ಕಾಯಬೇಕು. ಬೇಸಿಗೆಯಲ್ಲಿ ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದರು. ಅಲ್ಲೇ ಜಗಳ, ಅಲ್ಲೇ ನಗು. ಹಗ್ಗ ಸವೆದರೆ ಹಳೆಯದರ ಪಕ್ಕದಲ್ಲಿ ಹೊಸದನ್ನು ಹಿಡಿದು, ಅದೇ ಅಳತೆಗೆ ಗಂಟು ಹಾಕುತ್ತಿದ್ದರು.

ಮೊದಲ ಮಳೆಗಾಲ ಸುಖವಾಗಿ ಕಳೆಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ವರ್ತಕನ ಮನೆಗೆ ನೆಂಟರು ಬಂದಿದ್ದರು, ಕೊಟ್ಟಿಗೆಗೆ ಎರಡು ಹಸು ಬಂದಿದ್ದವು, ಹೆಂಡತಿ ಅಂಗಳದ ತುಂಬ ಮಲ್ಲಿಗೆ ಹಾಕಿಸಿದ್ದಳು. ನನ್ನ ಹಿತ್ತಿಲ ಬಾವಿಗೆ ನಾನೇ ಸರದಿ ಕಾಯುವುದೇ ಎಂದು ಅವನಿಗೆ ಸಿಟ್ಟು ಬಂತು. ಇಣುಕಿ ನೋಡಿದ. ಬಾವಿಯ ಆಳ ಹದಿನೈದು ಅಡಿಯೂ ಇರಲಿಲ್ಲ. ಅವನಿಗೆ ನಗು ಬಂತು. ತನ್ನ ಊರಿನಿಂದ ಬಾವಿ ತೋಡುವವರನ್ನು ಕರೆಸಿದ.

ಅಂದು ಕೇರಿಯ ಗಂಡಸರು ದೋಣಿ ಹತ್ತಿ ಹೋಗಿದ್ದರು. ಒಬ್ಬ ಮುದುಕಿ ಬಂದು ಕಟ್ಟೆಯ ಮೇಲೆ ಕೂತಳು.

“ಬೇಡ ಸಾಹುಕಾರ್ರೇ. ಇಲ್ಲಿ ಸಿಹಿನೀರು ತೆಳ್ಳಗೆ ಮೇಲೆ ಕೂತಿದೆ, ಹಾಲಿನ ಮೇಲೆ ಕೆನೆ ಕೂತ ಹಾಗೆ. ಅದರ ಕೆಳಗೆ ಸಮುದ್ರ. ಗಂಟು ಹಾಕಿದ್ದು ಅದಕ್ಕೇ.”

“ಅಜ್ಜಿ, ನಮ್ಮ ಕಡೆ ಅರವತ್ತು ಅಡಿ ತೋಡಿದ ಮೇಲೆ ನೀರಿನ ಮುಖ ಕಾಣುವುದು. ಆಳಕ್ಕೆ ಹೋದಷ್ಟೂ ನೀರು ಹೆಚ್ಚು, ರುಚಿ ಹೆಚ್ಚು. ನನಗೆ ಬಾವಿ ತೋಡುವುದನ್ನು ಹೇಳಿಕೊಡಲು ಬಂದೆಯಾ?”

“ನಿಮ್ಮ ಊರಿಗೆ ಬಂದು ಹತ್ತಿ ಬಿತ್ತುವುದನ್ನು ನಾನು ಹೇಳಿಕೊಟ್ಟೆನೇ? ಇದು ನಮ್ಮ ಊರು, ಸಾಹುಕಾರ್ರೇ. ಒಂದು ಮಾತು ಕೇಳಿದರೆ ನಿಮ್ಮ ಮುಂಡಾಸು ಬಿದ್ದುಹೋಗುವುದಿಲ್ಲ.”

ತೋಡುವವರು ನಕ್ಕರು. ವರ್ತಕ ನಗಲಿಲ್ಲ. “ಎಲ್ಲರಿಗೂ ಒಳ್ಳೆಯದಾಗಲಿ ಎಂದೇ ತೋಡಿಸುತ್ತಿದ್ದೇನೆ, ಖರ್ಚೂ ನನ್ನದೇ” ಎಂದು ಹೇಳಿ ಮುದುಕಿಯನ್ನು ಕಟ್ಟೆಯಿಂದ ಎಬ್ಬಿಸಿದ.

ಸಂಜೆ ದೋಣಿಗಳು ಬಂದವು. ಗಂಡಸರು ಬಂದು ಕೇಳಿದರು. ವರ್ತಕ ಕ್ರಯಪತ್ರ ತಂದು ತೋರಿಸಿದ. ಹಿತ್ತಿಲು ಅವನದು, ಬಾವಿ ಅವನದು. ಹಗ್ಗದ ಗಂಟಿನ ಮಾತು ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಅವರು ತಿರುಗಿ ಹೋದರು.

ನಾಲ್ಕು ದಿನದಲ್ಲಿ ಇನ್ನೂ ಹನ್ನೆರಡು ಅಡಿ ಕೆಳಗೆ ಇಳಿದರು. ನೀರು ಉಕ್ಕಿತು. ವರ್ತಕ ಹಳೆಯ ಹಗ್ಗವನ್ನು ಬಿಸಾಡಿ ಉದ್ದದ ಹಗ್ಗ ಕಟ್ಟಿಸಿದ. ಹಸುಗಳ ಮೈ ತೊಳೆದರು, ಮಲ್ಲಿಗೆಗೆ ಕೊಡಗಟ್ಟಲೆ ಸುರಿದರು. ಕೇರಿಯ ಹೆಂಗಸರೇನು ಕಡಿಮೆಯೇ? ಎರಡು ಕೊಡ ಒಯ್ಯುತ್ತಿದ್ದವರು ಆರು ಒಯ್ದರು. “ಇಷ್ಟು ವರ್ಷ ಸುಮ್ಮನೆ ಕಾದೆವಲ್ಲ” ಎಂದು ಮುದುಕಿಯನ್ನು ಹಾಸ್ಯ ಮಾಡಿದರು.

ಒಂಬತ್ತನೆಯ ದಿನ ವರ್ತಕನ ಮನೆಯಲ್ಲಿ ಬೇಳೆ ಬೇಯಲಿಲ್ಲ. ಹೆಂಡತಿ ಬೇಳೆ ಮಾರಿದವನನ್ನು ಬೈದಳು. ಹದಿನೈದನೆಯ ದಿನ ಹಸುಗಳು ನೀರಿನ ಬಾನಿಗೆ ಮೂತಿ ಇಟ್ಟು ಹಿಂದೆ ತೆಗೆದವು. ತಿಂಗಳು ತುಂಬುವಷ್ಟರಲ್ಲಿ ಆ ನೀರಿಗೂ ಕಡಲಿನ ನೀರಿಗೂ ವ್ಯತ್ಯಾಸ ಇರಲಿಲ್ಲ. ತೋಡಿದ್ದನ್ನು ಮರಳಿನಿಂದ ಮುಚ್ಚಿಸಿದ. ಹಳೆಯ ಗಂಟಿನ ಅಳತೆಗೆ ಸೇದಿ ನೋಡಿದರು. ಅಲ್ಲೂ ಉಪ್ಪು. ಮೂರು ಮಳೆಗಾಲ ಹೋದರೂ ಅದು ಬಿಡಲಿಲ್ಲ. ಕೇರಿಯ ಹೆಂಗಸರು ಕೊಡಗಳನ್ನು ದೋಣಿಯಲ್ಲಿಟ್ಟು ಹೊಳೆ ದಾಟಿ, ಅಲ್ಲಿಂದ ಒಂದು ಮೈಲಿ ನಡೆದು ನೀರು ತರತೊಡಗಿದರು. ಬಸುರಿಯರೂ ಹೋದರು, ಬಾಣಂತಿಯರೂ ಹೋದರು.

ವರ್ತಕ? ಅವನು ಗಾಡಿ ಕಟ್ಟಿಸಿದ.

ಸಾಮಾನು ಏರಿಸುವಾಗ ಮುದುಕಿ ಬಂದು ನಿಂತಳು. ವರ್ತಕ ತಾನಾಗಿಯೇ ಹೇಳಿದ, “ಏನು ಮಾಡಲಿ ಅಜ್ಜಿ? ಕುಡಿಯುವ ನೀರಿಲ್ಲದ ಕಡೆ ಮಕ್ಕಳುಮರಿ ಕಟ್ಟಿಕೊಂಡು ಹೇಗೆ ಇರುವುದು?”

“ಹೌದು, ಹೌದು. ಆ ಬಾವಿಯನ್ನೂ ಗಾಡಿಗೆ ಹಾಕಿಕೊಳ್ಳಿ ಸಾಹುಕಾರ್ರೇ. ಪತ್ರದಲ್ಲಿ ನಿಮ್ಮದೇ ಅಲ್ಲವೇ?”

ವರ್ತಕ ಎತ್ತುಗಳಿಗೆ ಬಾರಿಕೋಲು ತೋರಿಸಿದ. ಗಾಡಿ ಹೊರಟಿತು.

ಇಷ್ಟಕ್ಕೆ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ತಪ್ಪು ಯಾರಾದರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಆಮೇಲೆ ಒಂದು ದಿನ ನನ್ನ ಅಂಗಡಿಯಲ್ಲೇ ಅವನು ಕೂತಿದ್ದ. ಊರಿಗೆ ಹೊಸಬನೊಬ್ಬ ಬಂದು, ಮನೆ ಯಾವ ಕೇರಿಯಲ್ಲಿ ಹಿಡಿದರೆ ಒಳ್ಳೆಯದು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ವರ್ತಕ ಹೇಳಿದ, “ಎಲ್ಲಿಯಾದರೂ ಹಿಡಿಯಿರಿ, ಆ ಮೀನುಗಾರರ ಕೇರಿಯೊಂದು ಬೇಡ. ಅಲ್ಲಿನ ನೀರು ಬಾಯಿಗಿಡಲು ಆಗುವುದಿಲ್ಲ. ನಾನೇ ಇದ್ದು ನೋಡಿದ್ದೇನೆ.”

ಗುರುಗಳು ಜಗಲಿಯ ಕಂಬಕ್ಕೆ ಅಂಗೈಯಿಂದ ಹೊಡೆದರು.

“ಅವನು ಸುಳ್ಳು ಹೇಳಿದ್ದರೆ ಕತ್ತು ಹಿಡಿದು ಅಂಗಡಿಯಿಂದ ಇಳಿಸುತ್ತಿದ್ದೆ. ಹೇಳಿದ್ದು ನಿಜ! ಒಂದೊಂದು ಅಕ್ಷರವೂ ನಿಜ! ಗಿರಾಕಿಯೊಬ್ಬ ನನ್ನ ಅಕ್ಕಿಯನ್ನು ಮನೆಗೆ ಒಯ್ದು, ನೆನೆಸಿ, ಮುಗ್ಗಲು ಹಿಡಿಸಿ, ಮುಗ್ಗಲು ಅಕ್ಕಿ ಮಾರುತ್ತಾನೆ ಎಂದು ಪೇಟೆಯಲ್ಲೆಲ್ಲ ಸಾರಿದರೆ ಅವನನ್ನು ಏನೆಂದು ಕರೆಯುತ್ತಾರೆ? ಇವನನ್ನು ಮಾತ್ರ ಅನುಭವಸ್ಥ ಎಂದರು. ಹೊಸಬ ಕೈ ಮುಗಿದು ಹೋದ. ಅಂದಿನಿಂದ ಆ ಕೇರಿಗೆ ಕೆಟ್ಟ ಹೆಸರು ಉಳಿಯಿತು. ಹೆಸರು ಕೆಡಿಸಿದವನಿಗೆ ಒಳ್ಳೆಯ ಹೆಸರು ಉಳಿಯಿತು.”

ಶಿಷ್ಯ ಹೇಳಿದ, “ಆದರೂ ಗುರುಗಳೇ, ಪಾಪ, ಘಟ್ಟದ ಮೇಲಿನವನು. ಅವನಿಗೆ ಗೊತ್ತಿರಲಿಲ್ಲ.”

“ಕಟ್ಟೆಯ ಮೇಲೆ ಕೂತು ಒಬ್ಬಳು ಬಿಡಿಸಿ ಬಿಡಿಸಿ ಹೇಳಿದಳು. ಗೊತ್ತಿರಲಿಲ್ಲ ಎನ್ನುವುದು ಅವಳು ಬಾಯಿ ತೆರೆಯುವವರೆಗೆ ಮಾತ್ರ. ಆಮೇಲೆ ಆ ಮಾತು ನಡೆಯುವುದಿಲ್ಲ.”

ಕತೆ ಅರ್ಧಕ್ಕೆ ನಿಂತಿತು ಎಂದು ಶಿಷ್ಯನಿಗೆ ಅನ್ನಿಸಿತು. ಅಂಥವನಿಗೆ ಕೊನೆಯಲ್ಲಿ ಏನಾದರೂ ಆಗಿರಬೇಕಲ್ಲ ಎಂದುಕೊಂಡು ಕೇಳಿದ, “ಗಾಡಿ ಕಟ್ಟಿಕೊಂಡು ಅವನು ಎಲ್ಲಿಗೆ ಹೋದ, ಗುರುಗಳೇ?”

“ಹೊಳೆಯಾಚೆ, ಇನ್ನೂ ನೀರು ಸಿಹಿಯಾಗಿದ್ದ ಕೇರಿಗೆ” ಎಂದರು ಗುರುಗಳು.