ನೋಡಿ ಬರೆದ ಪುಸ್ತಕ

"ಗುರುಗಳೇ, ಕಲಿಸಿದವನೇ ಅಳೆಯಬಹುದೇ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠದಲ್ಲಿ ಆರು ವರ್ಷ ಓದಿದವನು. ಬರುವ ಸೋಮವಾರದಿಂದ ಮಠದ ಶಾಲೆಯಲ್ಲಿ ಏಳನೆಯ ತರಗತಿಗೆ ಪಾಠ ಹೇಳಬೇಕಾಗಿತ್ತು. ಹಿಂದಿನ ಮೇಷ್ಟ್ರು ಬಿಟ್ಟುಹೋದ ಮಕ್ಕಳ ಪುಸ್ತಕಗಳ ಕಟ್ಟನ್ನು ಅವನು ಬಿಚ್ಚಿ ನೋಡಿದ್ದ. ಕೆಲವು ಪುಸ್ತಕಗಳಲ್ಲಿ ಮಗುವಿನ ಕೈ ಕಾಣಲೇ ಇಲ್ಲ. ಅಣ್ಣಂದಿರು ಬರೆದಿದ್ದರು, ತಾಯಂದಿರು ಬರೆದಿದ್ದರು. ಎಲ್ಲದರ ಕೆಳಗೂ ಅಂಕ ಬಿದ್ದಿತ್ತು.

"ದೊಡ್ಡ ಪರೀಕ್ಷೆಯ ಉತ್ತರಗಳನ್ನು ಯಾರೋ ದೂರದವರು ತಿದ್ದುತ್ತಾರೆ. ಅವರಿಗೆ ಮಗುವಿನ ಮುಖ ಗೊತ್ತಿಲ್ಲ. ಶಾಲೆಯ ಇಪ್ಪತ್ತು ಅಂಕ ಮಾತ್ರ ನನ್ನ ಕೈಯಲ್ಲಿದೆ. ನನಗೆ ಮುಖವೂ ಗೊತ್ತು, ಮನೆಯೂ ಗೊತ್ತು. ನ್ಯಾಯ ತಪ್ಪುತ್ತೇನೆ ಎಂದು ಹೆದರಿಕೆ. ಇಪ್ಪತ್ತೇ ಅಂಕ ತಾನೆ, ಒಂದಿಷ್ಟು ಆಚೀಚೆಯಾದರೆ ಏನು ಕೆಟ್ಟೀತು ಎಂದೂ ಅನ್ನಿಸುತ್ತದೆ."

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

ಒಂದೂರಿನಲ್ಲಿ ಒಬ್ಬರು ಮೇಷ್ಟ್ರಿದ್ದರು. ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಶಾಲೆಗೆ ಬರುತ್ತಿದ್ದರು, ಯಾವ ಮಗುವಿನ ಮೇಲೂ ಕೈ ಎತ್ತಿದವರಲ್ಲ. ಬರಿಯ ಬಾಯಿಪಾಠ ಅವರಿಗೆ ಹಿಡಿಸುತ್ತಿರಲಿಲ್ಲ. ಮಕ್ಕಳು ಕಣ್ಣಾರೆ ನೋಡಿ ಕಲಿಯಬೇಕು ಎನ್ನುತ್ತಿದ್ದರು.

ಆ ಊರಿಗೆ ಒಂದು ದೊಡ್ಡ ಕೆರೆ. ತೂಬಿನ ಪಕ್ಕದಲ್ಲಿ ನೀರಿನೊಳಗೆ ಒಂದು ಕಲ್ಲುಕಂಬ. ಕಂಬದ ಮೇಲೆ ಕೆಳಗಿನಿಂದ ಮೇಲಕ್ಕೆ ಮೂವತ್ತು ಗೆರೆ ಕೊರೆದಿದ್ದರು. ನೀರು ಎಷ್ಟನೆಯ ಗೆರೆಗೆ ನಿಂತಿದೆ ಎಂದು ನೋಡಿಕೊಳ್ಳಲು ಹಿಂದೆ ಒಬ್ಬ ನೀರಗಂಟಿ ಇದ್ದ. ಅವನು ಸತ್ತಮೇಲೆ ಆ ಕೆಲಸಕ್ಕೆ ಯಾರೂ ಬರಲಿಲ್ಲ.

ಮೇಷ್ಟ್ರು ಆ ವರ್ಷ ಏಳನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಮಳೆಗಾಲ ಮುಗಿಯುವವರೆಗೆ ಪ್ರತಿದಿನ ಬೆಳಿಗ್ಗೆ ಕೆರೆಗೆ ಹೋಗಬೇಕು. ಹಿಂದಿನ ದಿನ ಮಳೆ ಬಂತೋ ಇಲ್ಲವೋ, ನೀರು ಎಷ್ಟನೆಯ ಗೆರೆಗಿದೆ, ಎರಡನ್ನೂ ಬರೆಯಬೇಕು. ಗೌರಿ ಹಬ್ಬಕ್ಕೆ ಮುಂಚೆ ಒಂದು ಪುಸ್ತಕ, ದೀಪಾವಳಿಗೆ ಮುಂಚೆ ಇನ್ನೊಂದು. ಒಂದೊಂದಕ್ಕೂ ಇಪ್ಪತ್ತು ಅಂಕ.

ಗೌರಿ ಹಬ್ಬ ಹತ್ತಿರ ಬಂತು. ಪುಸ್ತಕಗಳು ಮೇಜಿನ ಮೇಲೆ ಬಂದು ಬಿದ್ದವು.

ಮೊದಲು ಕೈಗೆ ಸಿಕ್ಕಿದ್ದು ಪಟೇಲರ ಮಗನ ಪುಸ್ತಕ. ಒಂದು ದಿನವೂ ತಪ್ಪಿರಲಿಲ್ಲ. ಮಳೆ ಬಂದ ದಿನ ನೀರು ಏರಿತ್ತು, ಬಾರದ ದಿನ ನಿಂತಿತ್ತು. ಕೊನೆಯ ಪುಟದಲ್ಲಿ ಬಣ್ಣ ಹಾಕಿದ ಕೆರೆಯ ನಕ್ಷೆ. ಅಕ್ಷರಗಳು ದುಂಡಗಿದ್ದವು. ಆ ಅಕ್ಷರಗಳನ್ನು ಮೇಷ್ಟ್ರು ಬಲ್ಲರು. ಚಾವಡಿಯ ಗೋಡೆಗೆ ಅಂಟಿಸುವ ಪ್ರಕಟಣೆಗಳನ್ನು ಹುಡುಗನ ಚಿಕ್ಕಪ್ಪ ಇದೇ ಕೈಯಲ್ಲಿ ಬರೆಯುತ್ತಿದ್ದ.

ಮೇಷ್ಟ್ರು ಪುಸ್ತಕವನ್ನು ಮುಚ್ಚಿದರು. ಹುಡುಗನನ್ನು ಕರೆದು ಕೇಳಬಹುದಾಗಿತ್ತು. ಕೇಳಿದರೆ ಅವನು ಅಳುತ್ತಾನೆ, ಸಂಜೆಗೆ ಪಟೇಲರು ಬರುತ್ತಾರೆ. ಶಾಲೆಗೆ ಹೆಂಚು ಹಾಕಿಸಿದವರು ಅವರು. ಇನ್‌ಸ್ಪೆಕ್ಟರು ಬಂದಾಗ ತೋರಿಸಲು ಇಂಥದೊಂದು ಪುಸ್ತಕವೂ ಬೇಕು. ಹೋಗಲಿ, ಇಪ್ಪತ್ತೇ ಅಂಕ ಎಂದುಕೊಂಡು ಅವರು ಹತ್ತೊಂಬತ್ತು ಹಾಕಿದರು. ಹಾಕಿದ ಮೇಲೆ ಮನಸ್ಸು ಕೊಂಚ ಮುಜುಗರಪಟ್ಟಿತು. ಮುಂದಿನ ಪುಸ್ತಕಗಳನ್ನು ಬಿಗಿಯಾಗಿ ನೋಡಬೇಕು ಎಂದು ನಿರ್ಧರಿಸಿದರು.

ಹಾಗೆ ನಿರ್ಧರಿಸಿದ ಮೇಲೆ ಕೈಗೆ ಬಂದದ್ದು ಮಾಚಕ್ಕನ ಪುಸ್ತಕ.

ಮಾಚಕ್ಕ ಮಡಿವಾಳರ ಹುಡುಗಿ. ಕೆರೆಯ ಏರಿಯ ಕೆಳಗಿನ ಕೇರಿಯಲ್ಲಿ ಅವಳ ಮನೆ. ಅಪ್ಪ ಅವ್ವ ಬೆಳಗಾಗೆದ್ದು ಕೆರೆಗೆ ಬಟ್ಟೆ ಒಯ್ಯುತ್ತಿದ್ದರು, ಅವಳೂ ಜತೆಗೆ ಹೋಗುತ್ತಿದ್ದಳು. ಅವಳ ಪುಸ್ತಕದಲ್ಲಿ ಅರ್ಧ ಪೆನ್ಸಿಲ್ಲು, ಅರ್ಧ ಶಾಯಿ. ಎರಡು ಪುಟ ನೆನೆದು ಅಂಟಿಕೊಂಡಿದ್ದವು. ಒಂದು ಕಡೆ 'ಮಂಜು, ಗೆರೆ ಕಾಣಲಿಲ್ಲ' ಎಂದಿತ್ತು. ಇನ್ನೊಂದು ಕಡೆ 'ಜ್ವರ, ಹೋಗಲಿಲ್ಲ.' ಆಷಾಢದ ಕೊನೆಯ ವಾರದಲ್ಲಿ ಹೀಗಿತ್ತು: 'ಮಳೆ, ಹದಿನೇಳು. ಮಳೆ, ಹದಿನಾರೂವರೆ. ಮಳೆ, ಹದಿನಾರು.'

ಮೇಷ್ಟ್ರು ಮತ್ತೆ ಓದಿದರು. ಪಟೇಲರ ಮಗನ ಪುಸ್ತಕ ತೆಗೆದು ಪಕ್ಕದಲ್ಲಿಟ್ಟರು. ಅಲ್ಲಿ ಅದೇ ದಿನಗಳಲ್ಲಿ ಹದಿನೇಳು, ಹದಿನೆಂಟು, ಹತ್ತೊಂಬತ್ತು. ಅವರು ಹುಡುಗಿಯನ್ನು ಕರೆದರು.

"ಮಳೆ ಬಂದರೆ ನೀರು ಏರುತ್ತದೋ ಇಳಿಯುತ್ತದೋ?"

"ಏರುತ್ತೆ ಸಾರ್."

"ನೀನು ಬರೆದಿರುವುದೇನು?"

"ಇಳಿದಿತ್ತು ಸಾರ್. ಬಟ್ಟೆ ಒಗೆಯೋ ಕಲ್ಲು ಪೂರಾ ಮೇಲೆ ಬಂದಿತ್ತು."

ಮಕ್ಕಳು ನಕ್ಕರು. ಮೇಷ್ಟ್ರು ನಗಲಿಲ್ಲ. ಕೆರೆ ಶಾಲೆಯಿಂದ ಕಾಲು ಮೈಲಿ ದೂರ. ಆ ಮೂರು ತಿಂಗಳಲ್ಲಿ ಅವರು ಒಂದು ದಿನವೂ ಅಲ್ಲಿಗೆ ಹೋಗಿರಲಿಲ್ಲ. ಅವರು ಕೆಂಪು ಶಾಯಿಯಲ್ಲಿ ಆ ಮೂರು ಸಾಲುಗಳನ್ನು ಹೊಡೆದರು. ಕೆಳಗೆ 'ನೋಡದೆ ಬರೆದದ್ದು' ಎಂದು ಬರೆದು ಎಂಟು ಅಂಕ ಹಾಕಿದರು. ಮನಸ್ಸಿಗೆ ಸಮಾಧಾನವಾಯಿತು. ಒಂದು ಪುಸ್ತಕವನ್ನಾದರೂ ಬಿಗಿಯಾಗಿ ನೋಡಿದೆ ಎಂದು ಅವರಿಗೆ ಅನ್ನಿಸಿತು.

ದೀಪಾವಳಿಗೆ ಮುಂಚೆ ಎರಡನೆಯ ಪುಸ್ತಕ ಬಂತು. ಈ ಸಲ ಮಾಚಕ್ಕನ ಪುಸ್ತಕ ಬೇರೆಯೇ ಆಗಿತ್ತು. ಎಲ್ಲವೂ ಶಾಯಿಯಲ್ಲಿತ್ತು. ಒಂದು ದಿನವೂ ತಪ್ಪಿರಲಿಲ್ಲ. ಮಳೆ ಬಂದ ದಿನವೆಲ್ಲ ನೀರು ಏರಿತ್ತು. ಮೇಷ್ಟ್ರಿಗೆ ಬಹಳ ಸಂತೋಷವಾಯಿತು. ಹದಿನೆಂಟು ಅಂಕ ಹಾಕಿದರು. ತರಗತಿಯಲ್ಲಿ ಅವಳನ್ನು ನಿಲ್ಲಿಸಿ, "ತಿದ್ದಿದರೆ ಮಗು ಹೇಗೆ ಬೆಳೆಯುತ್ತದೆ ನೋಡಿ" ಎಂದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆ ಎಂದು ಅವರು ತಿಳಿದರು.

ಕಾರ್ತಿಕದಲ್ಲಿ ಐದು ದಿನ ಬಿಡದೆ ಮಳೆ ಹಿಡಿಯಿತು. ಆರನೆಯ ದಿನ ಮಳೆ ನಿಂತು ಬಿಸಿಲು ಬಂತು. ಶಾಲೆ ನಡೆಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ತೂಬಿನ ಮಗ್ಗುಲಲ್ಲಿ ಏರಿ ಒಡೆಯಿತು.

ಏರಿಯ ಕೆಳಗೆ ಇದ್ದದ್ದು ಒಂದೇ ಕೇರಿ. ಹದಿನಾಲ್ಕು ಮನೆ. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿದ್ದರು. ಒಂಬತ್ತು ಜನ ಸತ್ತರು. ಅವರಲ್ಲಿ ಮಾಚಕ್ಕನ ಅವ್ವ ಒಬ್ಬಳು. ಬಾಣಂತಿಯಾಗಿ ಹನ್ನೊಂದು ದಿನವಾಗಿತ್ತು, ಅದಕ್ಕೇ ಮನೆಯಲ್ಲಿದ್ದಳು. ಕೂಸು ಸಿಗಲಿಲ್ಲ.

ನಾಲ್ಕನೆಯ ದಿನ ಒಬ್ಬ ಎಂಜಿನಿಯರು ಬಂದ. ಒಡೆದ ಜಾಗವನ್ನೆಲ್ಲ ತಿರುಗಿ ನೋಡಿದ. ತೂಬಿನ ಹಳೆಯ ಗಾರೆ ಕಿತ್ತುಹೋಗಿ ಏರಿಯೊಳಗೆ ನೀರು ದಾರಿ ಮಾಡಿಕೊಂಡಿದೆ, ಇದು ಒಂದೇ ದಿನದಲ್ಲಿ ಆದದ್ದಲ್ಲ ಎಂದ. ಊರಿನವರು ಆಗ ನೆನಪಿಸಿಕೊಂಡರು. ಮಳೆಗಾಲದಲ್ಲೇ ಹಳೆಯ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಯಾರೋ ತೂಬು ತೆಗೆದಿರಬೇಕೆಂದು ಪ್ರತಿಯೊಬ್ಬರೂ ತಿಳಿದಿದ್ದರು.

"ಕೆರೆಯ ನೀರು ಎಷ್ಟಿತ್ತು ಅಂತ ಯಾರಾದರೂ ಬರೆದಿಟ್ಟಿದ್ದಾರಾ?" ಎಂದು ಎಂಜಿನಿಯರು ಕೇಳಿದ.

ಶಾಲೆಯ ಮಕ್ಕಳು ಬರೆದಿದ್ದಾರೆ ಎಂದು ಯಾರೋ ಹೇಳಿದರು. ಮೇಷ್ಟ್ರು ಬೀರು ತೆಗೆದು ಪುಸ್ತಕಗಳನ್ನು ತಂದರು. ಎಲ್ಲಕ್ಕಿಂತ ಮೇಲೆ ಪಟೇಲರ ಮಗನ ಪುಸ್ತಕ ಇಟ್ಟರು.

ಎಂಜಿನಿಯರು ಅದರ ನಾಲ್ಕು ಪುಟ ತಿರುವಿದ. "ಇದು ಒಂದೇ ದಿನ ಕೂತು ಬರೆದದ್ದು" ಎಂದು ಪಕ್ಕಕ್ಕಿಟ್ಟ. ಬೇರೆ ಪುಸ್ತಕಗಳನ್ನು ನೋಡಿದ. ಮಾಚಕ್ಕನ ಮೊದಲ ಪುಸ್ತಕ ತೆರೆದವನು ನಿಧಾನವಾದ. ನೆನೆದು ಅಂಟಿದ್ದ ಪುಟಗಳನ್ನು ಉಗುರಿನಿಂದ ಬಿಡಿಸಿ ಓದಿದ. ಜೇಬಿನಿಂದ ಕಾಗದ ತೆಗೆದು ಆ ಅಂಕಿಗಳನ್ನು ಬರೆದುಕೊಳ್ಳತೊಡಗಿದ.

"ಈ ಮಗು ನೋಡಿದೆ. ಸೋರಿಕೆ ಶುರುವಾದ ವಾರ ಇಲ್ಲಿದೆ. ಆಗಲೇ ಗೊತ್ತಾಗಿದ್ದರೆ ನಾಲ್ಕು ಆಳು, ಮೂರು ದಿನದ ಕೆಲಸ." ಆಮೇಲೆ ಅವನು ಎರಡನೆಯ ಪುಸ್ತಕ ತೆಗೆದ. ಹುಬ್ಬು ಗಂಟಿಕ್ಕಿದ. "ಇದರಲ್ಲಿ ಸೋರಿಕೆ ನಿಂತೇಹೋಗಿದೆಯಲ್ಲ. ಇದೂ ಅವಳೇ ಬರೆದದ್ದಾ?" ಎನ್ನುತ್ತ ಮತ್ತೆ ಮೊದಲನೆಯದಕ್ಕೆ ಹೋದ. ಕೆಂಪು ಗೆರೆಗಳು ಕಂಡವು. ಅವುಗಳ ಕೆಳಗಿನ ಎರಡು ಪದ ಓದಿ ತಲೆ ಎತ್ತಿದ.

"ಇದು ಯಾರು ಬರೆದದ್ದು?"

"ನಾನು" ಎಂದರು ಮೇಷ್ಟ್ರು.

ಎಂಜಿನಿಯರು ಉಳಿದ ಅಂಕಿಗಳನ್ನು ಬರೆದುಕೊಂಡು ಹೊರಟುಹೋದ.

ಮನೆ ಕಳೆದುಕೊಂಡವರೆಲ್ಲ ಆಗ ಶಾಲೆಯ ಜಗಲಿಯಲ್ಲೇ ಇದ್ದರು. ಮಾಚಕ್ಕ ಒಂದು ಕಂಬಕ್ಕೆ ಒರಗಿ ಕೂತಿದ್ದಳು. ಮೇಷ್ಟ್ರು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ತರಗತಿಯಲ್ಲಿ ಎಂದೂ ಹಾಗೆ ಕೂತವರಲ್ಲ.

"ಎರಡನೇ ಪುಸ್ತಕ ಬರೆಯುವಾಗ ಕೆರೆಗೆ ಹೋಗುತ್ತಿದ್ದೆಯಾ?"

"ದಿನಾ ಹೋಗ್ತಿದ್ದೆ ಸಾರ್."

"ನೀರು ಇಳಿಯುತ್ತಿದ್ದದ್ದು ಕಂಡೆಯಾ?"

"ಕಾಣ್ತಿತ್ತು."

"ಮತ್ತೆ ಹಾಗೆ ಯಾಕೆ ಬರೆಯಲಿಲ್ಲ?"

ಹುಡುಗಿ ಅವರ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇಷ್ಟು ಸುಲಭದ ಪ್ರಶ್ನೆಯನ್ನು ಮೇಷ್ಟ್ರು ಯಾಕೆ ಕೇಳುತ್ತಾರೆ ಎಂಬಂತೆ ನೋಡಿದಳು.

"ಇಳೀತು ಅಂತ ಬರೆದರೆ ತಪ್ಪು ಅಂದ್ರಲ್ಲ ಸಾರ್."

ಮೇಷ್ಟ್ರು ಎದ್ದು ಹೋಗಬೇಕೆಂದುಕೊಂಡರು. ಆದರೆ ಇನ್ನೊಂದು ಮಾತು ಕೇಳದೆ ಹೋಗಲು ಆಗಲಿಲ್ಲ. "ಮನೆಯಲ್ಲಿ ಯಾರಿಗೂ ಹೇಳಲಿಲ್ಲವಾ?"

"ಅವ್ವನಿಗೆ ಹೇಳಿದ್ದೆ. ಮಳೆ ಬಂದರೂ ನೀರು ಇಳೀತದೆ ಅಂದೆ. ನಿಮ್ಮ ಮೇಷ್ಟ್ರು ಏನಂದ್ರು ಅಂತ ಕೇಳಿದಳು. ತಪ್ಪು ಅಂದ್ರು ಅಂದೆ. ಓದಿದವರು ಹೇಳಿದ ಮೇಲೆ ನಾವು ಕಂಡದ್ದೇ ತಪ್ಪಿರಬೇಕು ಅಂದಳು."

ಆ ದಿನ ಮೇಷ್ಟ್ರು ಮನೆಗೆ ಹೋಗಿ ಊಟ ಮಾಡಲಿಲ್ಲ. ಮರುದಿನ ಮಾಚಕ್ಕನ ಮೊದಲ ಪುಸ್ತಕ ತೆಗೆದರು. 'ನೋಡದೆ ಬರೆದದ್ದು' ಎಂಬುದನ್ನು ಹೊಡೆದರು. ಎಂಟನ್ನು ಹೊಡೆದು ಇಪ್ಪತ್ತು ಹಾಕಿದರು. ಎರಡನೆಯ ಪುಸ್ತಕವನ್ನು ತೆರೆದು ಪೆನ್ನು ಹಿಡಿದು ಕೂತರು. ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಮುಚ್ಚಿಟ್ಟರು. ಪಟೇಲರ ಮಗನ ಅಂಕವನ್ನು ತಿದ್ದಲು ಹೋದಾಗ, ಅಂಕಪಟ್ಟಿ ಮೇಲಿನವರಿಗೆ ಹೋಗಿ ತಿಂಗಳಾಗಿದೆ, ಈಗ ಮುಟ್ಟುವ ಹಾಗಿಲ್ಲ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಹುಡುಗನಿಗೆ ಆಗಲೇ ಬಹುಮಾನವೂ ಬಂದಿತ್ತು.

ಮಾಚಕ್ಕನ ಅಪ್ಪ ಆ ಊರಿನಲ್ಲಿ ಇರಲು ಒಪ್ಪಲಿಲ್ಲ. ದೂರದಲ್ಲಿದ್ದ ತಂಗಿಯ ಊರಿಗೆ ಹೊರಟ. ಅವರು ಗಾಡಿ ಹತ್ತುವ ಹೊತ್ತಿಗೆ ಮೇಷ್ಟ್ರು ಪುಸ್ತಕ ಹಿಡಿದು ಓಡಿಬಂದರು. ಇಪ್ಪತ್ತು ಅಂಕವಿದ್ದ ಪುಟ ತೆಗೆದು ಹುಡುಗಿಯ ಮುಂದೆ ಹಿಡಿದರು.

"ನೀನು ಬರೆದದ್ದೇ ಸರಿಯಾಗಿತ್ತು ಮಗು. ಇದು ನಿನ್ನದು, ತೆಗೆದುಕೋ."

ಅವಳು ಪುಟವನ್ನು ನೋಡಿದಳು. ಒಂದು ಕೈಯಲ್ಲಿ, ಆ ದಿನ ಶಾಲೆಯಲ್ಲಿದ್ದು ಉಳಿದ ತಮ್ಮನನ್ನು ಹಿಡಿದಿದ್ದಳು, ಇನ್ನೊಂದರಲ್ಲಿ ಯಾರೋ ಕೊಟ್ಟ ಚಾಪೆ ಇತ್ತು.

"ಎಲ್ಲಿ ಇಟ್ಟುಕೊಳ್ಳಲಿ ಸಾರ್?" ಎಂದಳು.

ಗಾಡಿ ಹೋಯಿತು. ಪುಸ್ತಕ ಮೇಷ್ಟ್ರ ಕೈಯಲ್ಲೇ ಉಳಿಯಿತು. ಅವಳು ಮತ್ತೆ ಶಾಲೆಗೆ ಸೇರಿದಳೇ ಎಂದು ತಿಳಿಯಲು ಎರಡು ಸಲ ಆ ಊರಿಗೆ ಹೋಗಿಬಂದರು. ಸೇರಿರಲಿಲ್ಲ. ಎರಡನೆಯ ಸಲ ಹೋದಾಗ ಅವಳು ಹಟ್ಟಿಯೊಳಗಿನಿಂದ ಹೊರಗೆ ಬರಲೇ ಇಲ್ಲ.

ಮೇಷ್ಟ್ರು ಇನ್ನೂ ಹನ್ನೊಂದು ವರ್ಷ ಪಾಠ ಹೇಳಿದರು. ಆಮೇಲೆ ಅವರು ಮಗುವಿನ ಜತೆ ಹೋಗಿ ನೋಡದೆ ಯಾವ ಪುಸ್ತಕದ ಮೇಲೂ ಕೆಂಪು ಶಾಯಿ ಇಡಲಿಲ್ಲ. ಅಚ್ಚುಕಟ್ಟಾದ ಪುಸ್ತಕ ಕಂಡರೆ, "ಇದನ್ನು ಹೇಗೆ ಮಾಡಿದೆ, ನನ್ನೆದುರಿಗೆ ಸ್ವಲ್ಪ ಮಾಡಿ ತೋರಿಸು" ಎನ್ನುತ್ತಿದ್ದರು. ಪಟೇಲರ ಮನೆಯ ಮಗುವಿಗೂ ಅದೇ ಮಾತು, ಕೇರಿಯ ಮಗುವಿಗೂ ಅದೇ ಮಾತು. ಬಹಳ ನ್ಯಾಯವಂತರು ಎಂದು ಜನ ಅವರನ್ನು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವರು ಎದ್ದು ಒಳಗೆ ಹೋಗುತ್ತಿದ್ದರು. ಏರಿಯ ಕೆಳಗಿನ ಜಾಗದಲ್ಲಿ ಮತ್ತೆ ಯಾರೂ ಮನೆ ಕಟ್ಟಲಿಲ್ಲ.

ಗುರುಗಳು ಇಲ್ಲಿಗೆ ಕಥೆ ನಿಲ್ಲಿಸಿದರು.

ಮರುಳಸಿದ್ಧ ತಲೆ ಬಗ್ಗಿಸಿ ಕೂತಿದ್ದ. ಅವನು ಮೆಲ್ಲಗೆ ಹೇಳಿದ: "ಮೇಷ್ಟ್ರ ತಪ್ಪು ತಿಳಿಯಿತು, ಗುರುಗಳೇ. ಆದರೆ ಆ ಹುಡುಗಿ ಕಣ್ಣಾರೆ ಕಂಡೂ ಸುಳ್ಳು ಬರೆದಳಲ್ಲ. ಅವಳು ಅಷ್ಟು ಬೇಗ ಸೋಲಬಹುದಿತ್ತೇ?"

ಗುರುಗಳು ಹೇಳಿದರು: "ಆ ಮಗು ಪಾಠದಲ್ಲಿ ಬಹಳ ಚುರುಕು, ಮೇಷ್ಟ್ರು ಕಲಿಸಿದ್ದನ್ನು ಒಂದೇ ಸಲಕ್ಕೆ ಕಲಿತಿತ್ತು."