ಮಾಸ್ತರರ ಗಾಡಿಯ ಹಳದಿ ದೀಪ

ಕೊಲ್ಹಾರದಲ್ಲಿ, ಕೃಷ್ಣೆಯ ದಂಡೆಯ ಮೇಲೆ, ದಸ್ತಗೀರ ಉಸ್ತಾದರ ಗ್ಯಾರೇಜಿತ್ತು. ಎಂಟು ವರ್ಷ ನಾನು ಅವರ ಶಿಷ್ಯ. ಈಗ ಉಸ್ತಾದರಿಲ್ಲ, ಆ ತಗಡಿನ ಶೆಡ್ಡೂ ಇಲ್ಲ. ಡೀಸೆಲ್ ವಾಸನೆ ಬಂದರೆ ಇವತ್ತಿಗೂ ಆ ದಂಡೆ ನೆನಪಾಗುತ್ತದೆ.

ಉಸ್ತಾದರದೊಂದು ಪದ್ಧತಿ. ಗಾಡಿ ಬಂದ ಕೂಡಲೇ ಬಾನೆಟ್ ಎತ್ತುತ್ತಿರಲಿಲ್ಲ. ಗಾಡಿಯವರನ್ನು ಬೆಂಚಿನ ಮೇಲೆ ಕೂರಿಸಿ, ಚಹಾ ಕುಡಿಸಿ, ಎಲ್ಲಿ ಹೋಗಿದ್ದಿರಿ, ಯಾರು ಯಾರು ಹೋಗಿದ್ದಿರಿ ಎಂದು ಹರಟುತ್ತಿದ್ದರು.

ನನಗದು ಹೊತ್ತು ಕಳೆಯುವ ಕೆಲಸ ಅನ್ನಿಸುತ್ತಿತ್ತು. ಕೈಯಲ್ಲಿ ಗಾಡಿಯ ದೋಷ ತೋರಿಸುವ ಹೊಸ ಸ್ಕ್ಯಾನರ್ ಇತ್ತಲ್ಲ, ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಉಸ್ತಾದರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಒಂದು ತಿಂಗಳು ಮನೆಯಲ್ಲಿದ್ದರು. ಆಗಲೇ ನಿವೃತ್ತ ಶಿಕ್ಷಕ ನಿಜಗುಣಪ್ಪ ಮಾಸ್ತರರು ತಮ್ಮ ಡೀಸೆಲ್ ಗಾಡಿ ತಂದರು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತಿತ್ತು.

ಸ್ಕ್ಯಾನರ್ ಚುಚ್ಚಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ಸೆನ್ಸರ್ ಕಡೆ ಬೊಟ್ಟು ಮಾಡಿತು. ಹೊಸ ಸೆನ್ಸರ್ ಹಾಕಿ, ದೀಪ ಅಳಿಸಿ, "ಇನ್ನ ಬರೂದಿಲ್ರಿ ಮಾಸ್ತರ" ಅಂದೆ.

ಹದಿನೈದು ದಿನಕ್ಕೆ ಬಂತು. ಆ ಸೆನ್ಸರೇ ಖೊಟ್ಟಿ ಅಂದುಕೊಂಡು ಇನ್ನೊಂದು ಹಾಕಿದೆ. ಹತ್ತು ದಿನಕ್ಕೆ ಮತ್ತೆ ಬಂತು.

ಮೂರನೆಯ ಸಲ ಮಾಸ್ತರರು ಬಂದಾಗ ಉಸ್ತಾದರು ಕರಿ ಚಷ್ಮಾ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು.

"ಸಾಕಪಾ ಚಿದಾನಂದ," ಅಂದರು ಮಾಸ್ತರರು. "ಗುರುವಾರ ಬಾಗಲಕೋಟಿಯವ್ರು ನೋಡಾಕ ಬರ್ತಾರ. ಮಾರಿಬಿಡ್ತೀನಿ. ಅಲ್ಲಿತನಾ ದೀಪ ಕಾಣದಂಗ ಅಳಿಸಿಕೊಡು."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಸ್ಕ್ಯಾನರಿಗೆ ಕೈ ಹಾಕಿದೆ.

"ಇಡು ಅದನ್ನ," ಅಂದರು ಉಸ್ತಾದರು. "ಮಾಸ್ತರಿಗೆ ಚಹಾ ಕೊಟ್ಟಿಯೇನು?"

"ಇಲ್ರಿ."

"ಮೊದಲ ಬಂದಾಗ?"

"ಇಲ್ರಿ."

"ಹಂಗಾರ ಏನ್ ರಿಪೇರಿ ಮಾಡಿದಿ?"

ಚಹಾ ತಂದುಕೊಟ್ಟೆ.

"ಮಾಸ್ತರ, ಈಗ ಗಾಡಿ ತಗೊಂಡು ಎಲ್ಲೆಲ್ಲಿ ಹೋಗ್ತೀರಿ?" ಎಂದು ಉಸ್ತಾದರು ಕೇಳಿದರು.

"ಎಲ್ಲಿ ಹೋಗೂದು ಉಸ್ತಾದ. ಮುಂಜಾನೆ ಹಾಲಿನ ಡೇರಿ, ಆಮ್ಯಾಲೆ ಮನಿ. ಅಷ್ಟ."

"ನಿಮ್ಮ ಭಜನಿ ಮ್ಯಾಳ?"

ಮಾಸ್ತರರು ಕಪ್ಪನ್ನು ತಿರುಗಿಸುತ್ತಾ ಕೂತರು.

"ಹಾರ್ಮೋನಿಯಂ ಪೇಟಿ ಬಾರಸು ಬಾಳಪ್ಪ ತೀರಿಕೊಂಡು ವರ್ಷ ಆತು. ಅವ ಇಲ್ದ ಎಲ್ಲಿ ಭಜನಿ? ಉಳಿದ ಇಬ್ಬರೂ ಸುಮ್ಮನಾದ್ರು. ಮೊದಲ ಪಂಢರಪುರ, ತುಳಜಾಪುರ, ಗಾಣಗಾಪುರ... ಗಾಡಿಗೆ ಪುರಸೊತ್ತ ಇರಲಿಲ್ಲ."

ಉಸ್ತಾದರು ನನ್ನ ಕಡೆ ತಿರುಗಿದರು. "ಆ ಫಿಲ್ಟರ್ ತನ್ನ ಮಸಿ ಯಾವಾಗ ಸುಡತೈತಿ?"

"ಗಾಡಿ ದೂರ ಓಡಿ ಸೈಲೆನ್ಸರ್ ಛಲೋ ಕಾದಾಗ್ರಿ."

ಹೇಳುತ್ತ ಹೇಳುತ್ತಲೇ ನನಗೆ ತಿಳಿಯಿತು. ಡೇರಿಗೆ ಹೋಗಿ ಬರುವಷ್ಟರಲ್ಲಿ ಅದು ಕಾಯುವುದೇ ಇಲ್ಲ. ನಾನು ಕಿತ್ತೆಸೆದ ಎರಡು ಸೆನ್ಸರುಗಳೂ ಸರಿಯಾಗಿಯೇ ಇದ್ದವು. ಮಸಿ ತುಂಬಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದವು.

"ಎಷ್ಟು ತುಂಬೇತಿ ನೋಡು."

ಸ್ಕ್ಯಾನರ್ ಹಚ್ಚಿ ನೋಡಿದೆ. "ಇನ್ನೂ ಮಿತಿ ದಾಟಿಲ್ರಿ. ದೂರ ಓಡಿಸಿದ್ರ ಸುಡತೈತ್ರಿ."

"ಏಳ್ರಿ ಮಾಸ್ತರ. ನೀವ ಹೊಡೀರಿ."

ಸೋಲಾಪುರದ ರಸ್ತೆ ಹಿಡಿದೆವು. ಉಸ್ತಾದರು ಮುಂದೆ, ನಾನು ಹಿಂದೆ. ವಿಜಯಪುರ ದಾಟಿದೆವು. ಆಮೇಲೆ ಜೋಳದ ಹೊಲಗಳು ಶುರುವಾದವು. ಗಾಡಿ ಒಂದೇ ಸಮ ಓಡತೊಡಗಿತು. ಮಾಸ್ತರರ ಬೆರಳುಗಳು ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದವು.

ಝಳಕಿ ಹತ್ತಿರ ಬಂದಾಗ ಬಾಯಿಬಿಟ್ಟು ಹಾಡಿಯೇಬಿಟ್ಟರು.

ಬಾಳಪ್ಪನ ಪೇಟಿ ಬರಬೇಕಾದ ಕಡೆಯೆಲ್ಲ ಅವರ ಹಾಡು ನಿಲ್ಲುತ್ತಿತ್ತು. ಉಸ್ತಾದರಿಗೆ ಸ್ವರ ಗೊತ್ತಿಲ್ಲ, ತಾಳ ಮೊದಲೇ ಇಲ್ಲ. ಆದರೂ ಆ ಜಾಗ ಬಂದಾಗಲೆಲ್ಲ ಡ್ಯಾಶ್‌ಬೋರ್ಡ್ ಬಡಿದು, ಮೂಗಿನಲ್ಲಿ ಗುನುಗಿ ತುಂಬಿಸುತ್ತಿದ್ದರು. ಅಂಥ ಅಪಸ್ವರ ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅದನ್ನು ಇನ್ನೊಮ್ಮೆ ಕೇಳಲು ಏನು ಬೇಕಾದರೂ ಕೊಟ್ಟೇನು.

ಹಳದಿ ದೀಪ ಯಾವಾಗ ಆರಿತೋ ಮೂವರಲ್ಲಿ ಒಬ್ಬರೂ ನೋಡಲಿಲ್ಲ.

ಸಂಜೆ ಕೊಲ್ಹಾರಕ್ಕೆ ಮರಳಿದೆವು. ಮಾಸ್ತರರು ಗಾಡಿಯಲ್ಲಿ ಕೂತೇ ಬಾಗಲಕೋಟಿಗೆ ಫೋನ್ ಹಚ್ಚಿದರು. "ಗುರುವಾರ ಬರೂದು ಬ್ಯಾಡ್ರಿ. ಮಾರೂದಿಲ್ಲ."

ಆಮೇಲೆ ಸ್ವಲ್ಪ ಅಳುಕಿನಿಂದ ಕೇಳಿದರು: "ಉಸ್ತಾದ, ದೀಪ ಮತ್ತ ಬಂದ್ರ?"

"ನನಗ ಫೋನ್ ಮಾಡ್ರಿ" ಎನ್ನಲು ನಾನು ಬಾಯಿ ತೆರೆದಿದ್ದೆ. ಉಸ್ತಾದರು ನನ್ನ ಹೆಗಲ ಮೇಲೆ ಕೈಯಿಟ್ಟು ತಡೆದರು.

"ಬಂದ್ರ ಇತ್ತ ಬರಬ್ಯಾಡ್ರಿ ಮಾಸ್ತರ. ಮ್ಯಾಳದ ಆ ಇಬ್ಬರನ್ನೂ ಹತ್ತಿಸ್ಕೊಂಡು, ಎಲ್ಲಿ ಭಜನಿ ಐತಿ ಅಂತ ಕೇಳಿ, ಅಲ್ಲಿಗೆ ಹೋಗ್ರಿ."