ಬಾಯಿಗೆ ಬಂದ ಹೆಸರು

ಬನ್ನಿ, ಹತ್ತಿರ ಸರಿದು ಕೂತ್ಕೊಳ್ಳಿ. ಕಾಲು ಚಾಚೋರು ಚಾಚಿ, ಗೋಡೆಗೆ ಒರಗೋರು ಒರಗಿ. ದಣಿದವರ ಕಥೆ ಇದು, ದಣಿದವರ ಹಾಗೇ ಕೇಳಿದರೆ ಸಾಕು.

ಕಪಿಲೆ ಹೊಳೆಯ ದಡದಲ್ಲಿ ಒಂದು ಮಠ. ಅಲ್ಲಿ ಮುದ್ದಯ್ಯನವರು ಅಂತ ಗುರುಗಳು. ವಯಸ್ಸಾಗಿತ್ತು. ಎದ್ದರೆ ಕೂರೋದು ಕಷ್ಟ, ಕೂತರೆ ಏಳೋದು ಕಷ್ಟ.

ಅವರ ಶಿಷ್ಯ ಗುರುಮಲ್ಲ. ಅವನೂ ಎಳೆಯನಲ್ಲ, ಕಿವಿಯ ಮೇಲಿನ ಕೂದಲು ನೆರೆತಿತ್ತು. ಕನ್ನಡದ ಮಾತುಗಳನ್ನೆಲ್ಲಾ ಕಲೆಹಾಕಿ, ಒಂದೊಂದಕ್ಕೂ ಅರ್ಥ ಬರೆದು, ದೊಡ್ಡದೊಂದು ಕೋಶ ಮಾಡುವ ಕೆಲಸ ಅವನದು. ವರ್ಷಗಟ್ಟಲೆ ಅದೇ ಕೆಲಸ. ಬೆನ್ನು ಬಾಗಿತ್ತು, ಕಣ್ಣು ಉರೀತಿತ್ತು.

ಹಾಗಿರುವಾಗ ಒಂದು ಮಾತಿನ ಹತ್ತಿರ ಸಿಕ್ಕಿಕೊಂಡ. ದೊಡ್ಡ ಮಾತೇನಲ್ಲ. ‘ಬರು’.

ಗುರುಗಳ ಹತ್ತಿರ ಹೋಗಿ ಕೂತ.

“ಗುರುಗಳೇ, ಇದು ಮುಗಿಯೋ ಮಾತಲ್ಲ. ಮಳೆ ಬರುತ್ತೆ, ಜ್ವರ ಬರುತ್ತೆ, ನಂಟರು ಬರ್ತಾರೆ. ಒಬ್ಬನಿಗೆ ಈಜು ಬರುತ್ತೆ, ಇನ್ನೊಬ್ಬನಿಗೆ ಬರೋದಿಲ್ಲ. ಹೊರಟು ನಿಂತವನೂ ಬರ್ತೀನಿ ಅಂತಾನೆ. ಒಂದು ಬರೆಯೋದರೊಳಗೆ ಬಾಗಿಲಲ್ಲಿ ಹತ್ತು ನಿಂತಿರುತ್ತೆ.”

“ಅವನ್ನೂ ಬರಿ.”

“ಬೇರು ಸಿಕ್ಕಿದ್ರೆ ಬರೀತಿದ್ದೆ. ಹಳಬರು ಬರ್ ಅಂದರು. ತಮಿಳರು ವಾ ಅಂತಾರೆ, ತುಳುವರು ಬಲ ಅಂತಾರೆ. ಇವಕ್ಕೆಲ್ಲಾ ಹಿಂದೆ ಒಂದು ಮೂಲ ಇರಲೇಬೇಕು. ಈ ಮಾತು ಮೊದಲು ಎಲ್ಲಿಂದ ಬಂತು?”

ಗುರುಗಳು ನಕ್ಕರು. “ಬಂತು ಅನ್ನದೆ ಕೇಳಪ್ಪ, ನೋಡೋಣ.”

ಗುರುಮಲ್ಲ ನಗಲಿಲ್ಲ. ಎದ್ದು ಹೋಗಿ ಮತ್ತೆ ಹಾಳೆಗಳ ಮುಂದೆ ಕೂತ.

ಈ ಗುರುಮಲ್ಲನಿಗೆ ಆಚೆ ದಡದ ಊರಲ್ಲಿ ಒಬ್ಬಳು ಅಕ್ಕ ಇದ್ದಳು, ತಾಯಕ್ಕ. ಹೆತ್ತವಳು ಹೋದ ಮೇಲೆ ಅವನನ್ನ ಸೊಂಟದಲ್ಲಿ ಹೊತ್ತು ಸಾಕಿದವಳು. ಅವನು ಮಠ ಸೇರಿದ ದಿನ ಹೊಳೆವರೆಗೂ ನಡೆದು ಬಂದು ಹರಿಗೋಲು ಹತ್ತಿಸಿದವಳು. ಈಗ ಹಾಸಿಗೆ ಹಿಡಿದಿದ್ದಳು.

ಒಂದು ಬೆಳಗ್ಗೆ ಹರಿಗೋಲಿನ ಬೋರಣ್ಣ ಮಠದ ಮೆಟ್ಟಿಲು ಹತ್ತಿ ಬಂದ.

“ಬುದ್ಧೀ, ನಿಮ್ಮಕ್ಕಾರು ಹೇಳಿ ಕಳಿಸವ್ರೆ. ಒಂದ್ಸಲ ಬಂದು ಮೊಕ ತೋರಿಸಿ ಹೋಗ್ಬೇಕಂತೆ.”

“ಈ ಒಂದು ಮಾತು ಮುಗಿಸಿ ಬರ್ತೀನಿ ಅಂತ ಹೇಳಪ್ಪ.”

ಬೋರಣ್ಣ ಹೋಗಿ ಹೇಳಿದ. ದಿನ ಕಳೆದವು. ಮಾತು ಮುಗಿಯಲಿಲ್ಲ.

ಬೋರಣ್ಣ ಮತ್ತೆ ಬಂದ. ಈ ಸಲ ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತ.

“ಬುದ್ಧೀ, ಅಕ್ಕಾರಿಗೆ ಎಚ್ಚರ ಬಂದಾಗೆಲ್ಲಾ ನಿಮ್ಮ ಹೆಸರೇ ಬಾಯಿಗೆ ಬತ್ತದೆ.”

ಗುರುಮಲ್ಲ ತಟ್ಟನೆ ತಲೆ ಎತ್ತಿದ. “ಏನಂದೆ? ಇನ್ನೊಂದ್ಸಲ ಹೇಳು.”

ಪಾಪ, ಬೋರಣ್ಣ ಇನ್ನೊಂದ್ಸಲ ಹೇಳಿದ. ಇನ್ನೇನು ಎದ್ದು ಹೆಗಲಿಗೆ ವಸ್ತ್ರ ಹಾಕ್ಕೋತಾರೆ ಅಂದುಕೊಂಡ.

ಗುರುಮಲ್ಲ ಹಾಳೆ ಎಳೆದುಕೊಂಡು ಅದನ್ನ ಬರೆದುಕೊಂಡ. ಬತ್ತದೆ ಅಂದಿದ್ದನ್ನ ತಿದ್ದಿ ಬರುತ್ತದೆ ಅಂತ ಮಾಡಿದ. ಮಸಿ ಒಣಗಲಿ ಅಂತ ಮೆಲ್ಲಗೆ ಊದಿದ.

ಬೋರಣ್ಣ ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಮೆಟ್ಟಿಲಿಳಿದು ಹೋಗಿ, ಇವತ್ತಾದರೂ ಬಂದಾರು ಅಂತ ಹರಿಗೋಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ.

ಸಂಜೆ ಗುರುಗಳು ಶಿಷ್ಯನನ್ನ ಕರೆದರು. “ಇವತ್ತೇನು ಸಿಕ್ಕಿತು? ಓದು.”

“‘ಕೊಡ ತುಂಬುತ್ತಾ ಬಂತು.’ ‘ಮಾವಿಗೆ ಹೂ ಬಂತು.’ ಇನ್ನೊಂದು ತುಂಬ ಚೆನ್ನಾಗಿದೆ ಗುರುಗಳೇ. ಒಂದೇ ವಾಕ್ಯ, ಎರಡು ಬಳಕೆ. ‘ಅಕ್ಕನಿಗೆ ಎಚ್ಚರ ಬಂದಾಗಲೆಲ್ಲ ನಿಮ್ಮ ಹೆಸರೇ ಬಾಯಿಗೆ ಬರುತ್ತದೆ.’”

“ಯಾರು ಹೇಳಿದ್ದು?”

“ಬೋರಣ್ಣ.”

“ಯಾರಿಗೆ?”

ಗುರುಮಲ್ಲ ಆ ಸಾಲಿನ ಮೇಲೆ ಮತ್ತೆ ಕಣ್ಣಾಡಿಸಿದ.

“ಯಾರಿಗೆ ಹೇಳಿದ್ದು, ಗುರುಮಲ್ಲಾ?”

“ನನಗೆ.”

ಗುರುಗಳು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಗೋಡೆ ಹಿಡಿದು ಎದ್ದರು. ಕೋಲು ತಗೊಂಡರು. ಎಷ್ಟೋ ಕಾಲದಿಂದ ಮಠದ ಹೊಸಿಲು ದಾಟದವರು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ತಗೊಂಡು ಇಳಿದರು. ಬೋರಣ್ಣನ ಹೆಗಲು ಹಿಡಿದು ಹರಿಗೋಲಲ್ಲಿ ಕೂತುಬಿಟ್ಟರು.

ಗುರುಮಲ್ಲ ಓಡಿ ಬಂದ. “ಎಲ್ಲಿಗೆ ಗುರುಗಳೇ?”

“ತಾಯಕ್ಕನ ಮನೆಗೆ.”

“ಈ ಕಾಲಲ್ಲಿ? ನೀವ್ಯಾಕೆ?”

“ಕರೆ ಬಂದಿದೆ. ಯಾರಾದರೂ ಒಬ್ಬರು ಹೋಗಬೇಕಲ್ಲಪ್ಪ. ನಿನಗೆ ಕೆಲಸ ಇದೆ.”

ಬೋರಣ್ಣ ಹುಟ್ಟು ಕೈಗೆತ್ತಿಕೊಂಡ. “ದೊಡ್ಡ ಬುದ್ಧೇರು ಕೂತ್ರು. ಚಿಕ್ಕ ಬುದ್ಧೇರು ದಡ ಕಾಯ್ತೀರಾ, ಹೆಂಗೆ?”

ಗುರುಮಲ್ಲ ನೀರಿನ ಅಂಚಲ್ಲೇ ನಿಂತಿದ್ದ.

“ಹೆದರಿಕೆ ಗುರುಗಳೇ. ಹೋಗಿ ನೋಡಿದರೆ ಅವಳು ಸಾಯೋದು ನಿಜ ಆಗಿಬಿಡುತ್ತೆ. ಈ ಮಾತು ಮುಗಿಯೋವರೆಗೂ ಇರ್ತಾಳೆ ಅಂದುಕೊಂಡಿದ್ದೆ. ಅದಕ್ಕೇ ಮುಗಿಸಲೇ ಇಲ್ಲ.”

ಗುರುಗಳು ಪಕ್ಕಕ್ಕೆ ಸರಿದರು. “ಇಲ್ಲಿ ಜಾಗ ಇದೆ. ಕೂರು.”

ತಾಯಕ್ಕ ನಡುಮನೆಯಲ್ಲಿ ಮಲಗಿದ್ದಳು. ತಮ್ಮನ ಹೆಜ್ಜೆ ಕೇಳಿ ಕಣ್ಣು ಬಿಟ್ಟಳು.

“ಬಂದ್ಯಾ ಗುರುವಾ? ಏನೋ ಇಷ್ಟು ಸೊರಗಿದ್ದೀಯ? ಆ ಮಠದಲ್ಲಿ ಮುದ್ದೆ ಕಟ್ಟೋಕೆ ಯಾರಿಗೂ ಬರೋದಿಲ್ವೇನೋ?”

“ಇಲ್ಲ ಅಕ್ಕ. ಯಾರಿಗೂ ಬರೋದಿಲ್ಲ.”

ಅಷ್ಟು ಹೇಳಿ, ಅವಳ ಅಂಗೈಯಲ್ಲಿ ಮುಖ ಇಟ್ಟು ಗುರುಮಲ್ಲ ಮಗುವಿನ ಹಾಗೆ ಅತ್ತ. ಹೊರಗೆ ಜಗಲಿ ಮೇಲೆ ಗುರುಗಳು ಕಾಲು ನೀವಿಕೊಳ್ಳುತ್ತಾ ಮಜ್ಜಿಗೆ ಕುಡಿದರು. ಒಳಗಿನ ಅಳು ಕೇಳಿಸಿತು. ಲೋಟ ಕೆಳಗಿಟ್ಟು, ಕಂಬಕ್ಕೆ ಒರಗಿ, ಅಲ್ಲೇ ನಿದ್ದೆ ಹೋದರು.

ಆಮೇಲೆ ಏನಾಯ್ತು ಅಂತೀರಾ? ಮಾವಿನ ಹೂ ಉದುರಿ ಮಿಡಿ ಕಚ್ಚುವ ಹೊತ್ತಿಗೆ ತಾಯಕ್ಕ ತೀರಿಕೊಂಡಳು. ತಲೆ ತಮ್ಮನ ತೊಡೆಯ ಮೇಲಿತ್ತು. ಹೊಳೆಗೆ ಸೇತುವೆ ಆಯ್ತು, ಬೋರಣ್ಣನ ಹರಿಗೋಲು ಕೆಲಸವಿಲ್ಲದೆ ದಡದಲ್ಲಿ ಕವುಚಿ ಬಿತ್ತು. ಅವನು ಮಠದ ಹಿತ್ತಲಲ್ಲಿ ಬದನೆ ಬೆಳೆಸಿಕೊಂಡು, ಗುರುಮಲ್ಲನಿಗೆ ಮುದ್ದೆ ಕಟ್ಟೋದು ಕಲಿಸಿಕೊಂಡು ಉಳಿದ. ಗುರುಮಲ್ಲ ಕೋಶ ಮುಗಿಸಿದ. ಬೇರು ಸಿಗಲಿಲ್ಲ ಅಂತಲೇ ಬರೆದ. ಬೋರಣ್ಣನ ಆ ಮಾತು ಮಾತ್ರ ಅದರಲ್ಲಿ ಇಲ್ಲ.

ಇನ್ನು ಗುರುಗಳು. ಅವರ ಕಡೆಯ ಮಧ್ಯಾಹ್ನ ಗುರುಮಲ್ಲ ಪಕ್ಕದಲ್ಲಿ ಕೂತು, ‘ಬರು’ ಅನ್ನೋ ಮಾತಿನ ಹಾಳೆಗಳನ್ನೆಲ್ಲಾ ಅವರ ಕಿವಿಯ ಹತ್ತಿರ ನಿಧಾನಕ್ಕೆ ಓದಿದ. ಓದಿ ಮುಗಿಸಿ ಕೇಳಿದ.

“ಎಲ್ಲಾ ಸೇರಿದೆಯಾ ಗುರುಗಳೇ? ಏನಾದರೂ ಬಿಟ್ಟಿದ್ದೀನಾ?”

ಗುರುಗಳು ಕಣ್ಣು ತೆರೆಯಲಿಲ್ಲ.

“ಚೆನ್ನಾಗಿದೆ. ಹೊರಗೆ ಯಾರೋ ಕರೆದ ಹಾಗಾಯ್ತು. ಹೋಗಿ ನೋಡು.”